ಚಿಕ್ಕಪ್ಪನ ಕಲ್ಲಿನ ಪೆಟ್ಟಿಗೆ: ಊರು ತಪ್ಪಿದ ಹರಳುಗಳಿಗೆ ವಿಳಾಸ ಹುಡುಕಿದ್ದು

ಮೇ ತಿಂಗಳ ಮಳೆಗೆ ಚಾಮರಾಜಪೇಟೆ ಮನೆಯ ಅಟ್ಟ ಸೋರಿತು. ಹಂಚಿನ ಮನೆ, ಎಲ್ಲೋ ಒಂದು ಹಂಚು ಸರಿದಿತ್ತು, ಯಾರೂ ನೋಡಿರಲಿಲ್ಲ. ನೀರು ಗುರಿಯಿಟ್ಟಂತೆ ಬಿದ್ದಿದ್ದು ಚಿಕ್ಕಪ್ಪನ ಕಲ್ಲಿನ ಪೆಟ್ಟಿಗೆ ಮೇಲೆ. ಪಕ್ಕದಲ್ಲೇ ಬೋರಲು ಹಾಕಿದ್ದ ಹಿತ್ತಾಳೆ ಹಂಡೆಗೆ ಒಂದು ಹನಿಯೂ ತಾಗಿರಲಿಲ್ಲ.

ಚಿಕ್ಕಪ್ಪ 1968ರಿಂದ ಮೂವತ್ತೈದು ವರ್ಷ ಡ್ರಿಲ್ಲಿಂಗ್ ರಿಗ್ ಜೊತೆ ಊರೂರು ಅಲೆದವರು. ಬೋರ್‌ವೆಲ್, ಗಣಿ, ಸೇತುವೆಯ ಪಾಯ, ಎಲ್ಲಿ ಭೂಮಿ ಕೊರೆಯಬೇಕೋ ಅಲ್ಲಿ. ಹೋದಲ್ಲೆಲ್ಲ ಕಣ್ಣಿಗೆ ಬಿದ್ದ ಹರಳುಗಲ್ಲೊಂದನ್ನು ಚೀಲಕ್ಕೆ ಹಾಕಿಕೊಂಡು ಬರುವುದು, ಮನೆಯಲ್ಲಿ ಚೀಟಿ ಬರೆದು ಗೋಂದು ಹಚ್ಚಿ ಅಂಟಿಸುವುದು. ಚಿಕ್ಕಮ್ಮ ಇದ್ದಾಗ ಆ ಪೆಟ್ಟಿಗೆಗೆ ‘ಬಂಡೆ ಬ್ಯಾಂಕು’ ಅನ್ನುತ್ತಿದ್ದರು. ಡಿಪಾಸಿಟ್ ಮಾತ್ರ, ವಿತ್‌ಡ್ರಾ ಇಲ್ಲ.

ಪೆಟ್ಟಿಗೆ ಇಳಿಸಿ ಎಣಿಸಿದೆ. ಒಟ್ಟು 112 ಕಲ್ಲು. 47ಕ್ಕೆ ಚೀಟಿ ಇನ್ನೂ ಅಂಟಿಕೊಂಡಿತ್ತು. 39 ಚೀಟಿ ಕಿತ್ತುಬಂದು ಪೆಟ್ಟಿಗೆಯ ತಳದಲ್ಲಿ ಒದ್ದೆ ಹಪ್ಪಳದ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಉಳಿದ 26 ಚೀಟಿಯಲ್ಲಿ ಅರ್ಧ ಗೆದ್ದಲಿಗೆ ಹೋಗಿತ್ತು, ಇನ್ನರ್ಧ ಮುದ್ದೆಯಾಗಿತ್ತು. ಅಂದರೆ ಊರಿಲ್ಲದ ಕಲ್ಲು 65.

"ಕಲ್ಲು ಚೆನ್ನಾಗಿದ್ಯಲ್ಲೋ, ಚೀಟಿ ಹೋದ್ರೆ ಹೋಗ್ಲಿ ಬಿಡು" ಅಂದರು ಚಿಕ್ಕಪ್ಪ. ಎಂಬತ್ತೊಂದು ವರ್ಷ ಅವರಿಗೆ. ಆದರೆ ಹಾಗಂದವರೇ ಒಂದು ಹಸಿರು ಕಲ್ಲನ್ನು ಕೈಯಲ್ಲಿ ತಿರುಗಿಸುತ್ತಾ ಐದು ನಿಮಿಷ ಸುಮ್ಮನೆ ಕೂತರು. ಎಲ್ಲಿ ಸಿಕ್ಕಿತ್ತು ಅಂತ ನೆನಪಾಗಲಿಲ್ಲ. ಅವತ್ತೇ ಈ ಕೆಲಸ ಹಿಡಿದೆ.

ಹರಳಿನ ಹೆಸರನ್ನು ಇನ್ನು ನೂರು ವರ್ಷ ಬಿಟ್ಟರೂ ಕಂಡುಹಿಡಿಯಬಹುದು. ಗೀಚಿ ನೋಡಿದರೆ ಗಟ್ಟಿತನ, ತಕ್ಕಡಿಗಿಟ್ಟರೆ ಸಾಂದ್ರತೆ, ಲೂಪ್ ಅನ್ನುವ ಪುಟ್ಟ ಭೂತಗನ್ನಡಿ ಹಿಡಿದರೆ ಆಕಾರ. ಊರು ಹಾಗಲ್ಲ. ಕ್ವಾರಿ ಮುಚ್ಚುತ್ತದೆ, ಗುಂಡಿಯಲ್ಲಿ ನೀರು ತುಂಬುತ್ತದೆ, ಇಲ್ಲವೇ ಮೇಲೆ ಅಪಾರ್ಟ್‌ಮೆಂಟ್ ಏಳುತ್ತದೆ. ಆಮೇಲೆ ಆ ಜಾಗದ ಸಾಕ್ಷಿ ಅಂತ ಉಳಿಯುವುದು ಆ ಕಲ್ಲು, ಆ ಚೀಟಿ, ಇಷ್ಟೇ.

ಮುಟ್ಟುವ ಮುಂಚೆ

ಮಾಡಿದ ಕೆಲಸಗಳಲ್ಲಿ ಬುದ್ಧಿವಂತಿಕೆಯದ್ದು ಅಂತ ಇದ್ದರೆ ಇದೊಂದೇ: ಏನನ್ನೂ ಅಲುಗಾಡಿಸುವ ಮೊದಲು ಪೆಟ್ಟಿಗೆಯ ಒಳಗನ್ನು ಮೊಬೈಲಿನಲ್ಲಿ ಫೋಟೋ ತೆಗೆದೆ. ಮೇಲಿನ ಪದರ, ಅದನ್ನು ಎತ್ತಿ ಕೆಳಗಿನ ಪದರ, ಕೊನೆಗೆ ತಳ. ಯಾವ ಚೀಟಿ ಯಾವ ಕಲ್ಲಿನ ಪಕ್ಕ ಬಿದ್ದಿತ್ತು ಅನ್ನುವುದು ಆಮೇಲೆ ಹತ್ತಾರು ಸಲ ಬೇಕಾಯಿತು.

ಚೀಟಿಗಳನ್ನು ಅಚ್ಚಾಗದ ನ್ಯೂಸ್‌ಪ್ರಿಂಟ್ ಹಾಳೆಗಳ ನಡುವೆ ಇಟ್ಟು, ಮೇಲೆ ಮಣೆ ಹೇರಿ ಒಣಗಿಸಿದೆ. ಒಣಗಿದ ಮೇಲೆ ಕಂಡದ್ದು: ಫೌಂಟನ್ ಪೆನ್ನಿನ ನೀಲಿ ಶಾಯಿ ತೊಳೆದುಹೋಗಿ ಬರೀ ನೆರಳು ಉಳಿದಿದೆ, ಬಾಲ್‌ಪೆನ್ ಅಲ್ಲಲ್ಲಿ ಹರಡಿದೆ, ಪೆನ್ಸಿಲ್ಲಲ್ಲಿ ಬರೆದದ್ದು ನಿನ್ನೆ ಬರೆದ ಹಾಗಿದೆ. ಗ್ರಾಫೈಟಿಗೆ ನೀರು ಏನೂ ಮಾಡುವುದಿಲ್ಲ. ಹೊಸ ಕಾರ್ಡುಗಳನ್ನೆಲ್ಲ ಪೆನ್ಸಿಲ್ಲಲ್ಲೇ ಬರೆಯುವುದು ಅಂತ ಅಲ್ಲೇ ನಿರ್ಧಾರವಾಯಿತು.

ಒಂದು ಬೆಂಕಿಪೊಟ್ಟಣ ತೆರೆದರೆ ಹಳೇ ಪಟಾಕಿಯ ವಾಸನೆ. ಒಳಗೆ ಪೈರೈಟ್. ಎಳೆ ಬಂಗಾರದ ಬಣ್ಣದ ಚೌಕ ಹರಳು ಇರಬೇಕಾದ ಕಡೆ ಬಿರುಕು ಬಿಟ್ಟ ಕಪ್ಪು ಗಟ್ಟಿ, ಅದರ ಸುತ್ತ ಬೂದು-ಹಳದಿ ಪುಡಿ. ಪೈರೈಟ್ ಎಂದರೆ ಕಬ್ಬಿಣ ಮತ್ತು ಗಂಧಕ. ತೇವದ ಗಾಳಿಯಲ್ಲಿ ಅದು ನಿಧಾನಕ್ಕೆ ಕಬ್ಬಿಣದ ಸಲ್ಫೇಟ್ ಆಗುತ್ತದೆ, ಜೊತೆಗೆ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಚೀಟಿಯನ್ನು ಕಂದು ಬಣ್ಣಕ್ಕೆ ಸುಟ್ಟಿತ್ತು. ಮುಟ್ಟಿದರೆ ಅವಲಕ್ಕಿಯ ಹಾಗೆ ಮುರಿಯಿತು. ಓದಲು ಸಿಕ್ಕಿದ್ದು ‘...ದುರ್ಗ’ ಅಷ್ಟೇ. ಚಿತ್ರದುರ್ಗವೋ, ಸಾವನದುರ್ಗವೋ, ನವದುರ್ಗವೋ! ಚಿತ್ರದುರ್ಗದ ಇಂಗಳದಾಳದ ತಾಮ್ರದ ಗಣಿ ಕಡೆ ತಾವು ಕೆಲಸ ಮಾಡಿದ್ದುಂಟು ಅಂದರು ಚಿಕ್ಕಪ್ಪ. ಆ ಪುಡಿಯನ್ನು ಪುಟ್ಟ ಗಾಜಿನ ಸೀಸೆಗೆ ತುಂಬಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಉಳಿದ ಕಲ್ಲುಗಳಿಂದ ದೂರ ಇಟ್ಟೆ.

ತೊಳೆಯುವುದರಲ್ಲಿ ಒಂದೇ ನಿಯಮ, ಅನುಮಾನ ಇದ್ದರೆ ತೊಳೆಯಬೇಡ. ಬೆಣಚುಕಲ್ಲಿಗೆ ನೀರು, ಮೆತ್ತನೆ ಟೂತ್‌ಬ್ರಷ್ಷು ಸಾಕು. ಜಿಪ್ಸಂ ನೀರಲ್ಲಿ ಸ್ವಲ್ಪ ಕರಗುತ್ತದೆ, ಬಿಟ್ಟೆ. ಕ್ಯಾಲ್ಸೈಟಿಗೆ ಹುಣಸೆಹಣ್ಣು, ನಿಂಬೆಹುಳಿ ಯಾವುದೂ ಕೂಡದು. ಹೊಳಪು ಬರಲಿ ಅಂತ ಹಚ್ಚಿದವರು ಹರಳಿನ ಮುಖವನ್ನೇ ತಿಂದುಹಾಕಿರುತ್ತಾರೆ. ಇನ್ನು ಓಕನೈಟ್ ಅಂತೊಂದಿದೆ, ಬಸಾಲ್ಟ್ ಕಲ್ಲಿನ ಪೊಳ್ಳಿನಲ್ಲಿ ಹತ್ತಿಯುಂಡೆಯ ಹಾಗೆ ಬೆಳೆಯುವಂಥದ್ದು. ಚಿಕ್ಕಪ್ಪನ ಹತ್ತಿರ ಒಂದಿತ್ತು, ಗೋಲಿ ಗಾತ್ರದ ಬಿಳಿ ಉಂಡೆ. ಯಾವ ಕಾಲದಲ್ಲೋ ಯಾರೋ ಹೆಬ್ಬೆರಳಿಂದ ಒತ್ತಿ ನೋಡಿದ್ದಾರೆ. ಒಂದು ಪಕ್ಕ ಕೂದಲೆಳೆಯಂಥ ಹರಳುಗಳೆಲ್ಲ ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಮಲಗಿಬಿಟ್ಟಿವೆ. ಮತ್ತೆ ಏಳುವುದಿಲ್ಲ. ಆ ಹೆಬ್ಬೆರಳು ಯಾರದ್ದು ಅಂತ ನಾನು ಕೇಳಲಿಲ್ಲ, ಏಳನೇ ಕ್ಲಾಸಿನಲ್ಲಿದ್ದಾಗ ನಾನು ಆ ಪೆಟ್ಟಿಗೆ ಜೊತೆ ಆಡಿದ್ದು ನನಗೆ ನೆನಪಿದೆ.

ಚೀಟಿ-ಕಲ್ಲು ಜೋಡಿಸುವುದು

ಮೊದಲು ಸುಲಭದವು. ಕಲ್ಲಿನ ಮೇಲೆ ಗೋಂದಿನ ಗುರುತು ಇರುತ್ತದೆ, ಅದರ ಅಂಚು ಚೀಟಿಯ ಅಂಚಿಗೆ ಕೂತರೆ ಜೋಡಿ ಸಿಕ್ಕಿತು. ಹರಿದ ಚೀಟಿಯ ಒಂದು ಚೂರು ಕಲ್ಲಿಗೇ ಅಂಟಿದ್ದರೆ ಇನ್ನೂ ಒಳ್ಳೆಯದು. ಹೀಗೆ ಎರಡು ಭಾನುವಾರದಲ್ಲಿ ಇಪ್ಪತ್ತು ಮುಗಿಯಿತು.

ಆಮೇಲೆ ಸಿಕ್ಕಿಬಿದ್ದೆ. ಕೆಲವು ಕಲ್ಲುಗಳ ಅಡಿಯಲ್ಲಿ ಚಿಕ್ಕಪ್ಪ ಬಿಳಿ ಪೇಂಟಿನಲ್ಲಿ ಕನ್ನಡ ಅಂಕಿ ಬರೆದಿದ್ದರು, ಚೀಟಿಯ ಮೂಲೆಯಲ್ಲೂ ಅದೇ ಅಂಕಿ. ‘೧೬’ ಅಂತ ಓದಿದ ಚೀಟಿಯಲ್ಲಿ ‘ಪುಣೆ ಹತ್ತಿರ, ಬಾವಿ ತೋಡುವಾಗ’ ಅಂತಿತ್ತು. ‘೧೬’ ಅಂತ ಓದಿದ ಕಲ್ಲನ್ನು ಹುಡುಕಿ ಜೋಡಿಸಿ, ಕಾರ್ಡು ಬರೆದು, ಫೋಟೋ ತೆಗೆದು, ಟಿಕ್ ಹಾಕಿದೆ. ನಾಲ್ಕು ದಿನ ಬಿಟ್ಟು ಅದೇ ಕಲ್ಲನ್ನು ಬಿಸಿಲಲ್ಲಿ ಹಿಡಿದಾಗ ಎದೆ ಧಸಕ್ಕೆಂದಿತು. ಅಭ್ರಕದ ಮಿನುಗಿರುವ ಪದರಗಲ್ಲು, ಅದರೊಳಗೆ ಕಂದು ಬಣ್ಣದ ಮೊಂಡು ಹರಳುಗಳು, ಒಂದು ಕಡೆ ಎರಡು ಹರಳು ಓರೆಯಾಗಿ ಒಂದನ್ನೊಂದು ದಾಟಿ ಗುಣಿಸುವ ಗುರುತಿನ ಹಾಗೆ ಕೂತಿವೆ. ಸ್ಟಾರೊಲೈಟ್. ಪುಣೆ ಸುತ್ತ ಇರುವುದೆಲ್ಲ ಲಾವಾ ಹರಿದು ಆದ ಬಸಾಲ್ಟ್. ಸ್ಟಾರೊಲೈಟ್ ಹುಟ್ಟುವುದು ಜೇಡಿಯಂಥ ಕೆಸರು ಆಳದಲ್ಲಿ ಬೆಂದು ಒತ್ತಡ ತಿಂದು ಪದರಗಲ್ಲಾದಾಗ. ಪುಣೆಯ ಬಾವಿಯಲ್ಲಿ ಅದು ಸಿಕ್ಕಿತು ಅನ್ನುವುದು ತೆಂಗಿನ ಮರದಲ್ಲಿ ಹಲಸು ಬಿಟ್ಟಿತು ಅಂದ ಹಾಗೆ.

ತಪ್ಪು ನನ್ನ ಕಣ್ಣಿನದ್ದು. ಮಾಸಿದ ಶಾಯಿಯಲ್ಲಿ ೬ಕ್ಕೂ ೯ಕ್ಕೂ ಇರುವ ವ್ಯತ್ಯಾಸ ಒಂದು ಕೊಂಡಿ ಅಷ್ಟೇ, ಅದು ಅಳಿಸಿದರೆ ಮುಗಿಯಿತು. ಕಲ್ಲಿನ ಮೇಲಿದ್ದದ್ದು ೧೯. ಚೀಟಿ ೧೯ರಲ್ಲಿ ಇದ್ದದ್ದು ‘ಹೊಳೆನರಸೀಪುರ’. ಹಾಸನ ಜಿಲ್ಲೆಯ ಹೊಳೆನರಸೀಪುರದ ಪದರಗಲ್ಲಿನ ಪಟ್ಟಿಯಲ್ಲಿ ಸ್ಟಾರೊಲೈಟ್, ಕಯನೈಟ್, ಗಾರ್ನೆಟ್ ಮೂರೂ ಇರುವುದು ಭೂವಿಜ್ಞಾನ ಓದಿದವರಿಗೆಲ್ಲ ಗೊತ್ತಿರುವ ಸಂಗತಿ. ಅವತ್ತಿನಿಂದ ನಂಬರ್ ಹೊಂದಿದರೆ ಸಾಲದು, ಕಲ್ಲಿನ ಜಾತಿಯೂ ಊರಿನ ನೆಲಕ್ಕೆ ಹೊಂದಬೇಕು ಅಂತ ಎರಡನೇ ಪರೀಕ್ಷೆ ಇಟ್ಟುಕೊಂಡೆ. ಆಗಲೇ ಮುಗಿಸಿದ್ದ ಇಪ್ಪತ್ತನ್ನೂ ಮತ್ತೆ ತೆಗೆದು ನೋಡಿದೆ. ಇನ್ನೂ ಎರಡು ತಪ್ಪು ಸಿಕ್ಕವು.

ತಕ್ಕಡಿ, ಲೋಟ, ದಾರ

ಮಾಸಲು ಬಿಳಿ ಕಲ್ಲೊಂದಿತ್ತು. ನೋಡಲು ಏನೂ ಇಲ್ಲ, ಆದರೆ ಎತ್ತಿದರೆ ಕೈ ಕೆಳಗೆ ಇಳಿಯುತ್ತದೆ. ಬೆಣಚುಕಲ್ಲಿಗೆ ಈ ತೂಕ ಇಲ್ಲ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಣ ತೂಕ 312 ಗ್ರಾಂ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಸ್ಟೀಲ್ ಪಾತ್ರೆ ಇಟ್ಟು, ತಕ್ಕಡಿಯನ್ನು ಸೊನ್ನೆಗೆ ತಂದೆ. ಕಲ್ಲಿಗೆ ದಾರ ಕಟ್ಟಿ ನೀರಲ್ಲಿ ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಪಕ್ಕಕ್ಕೂ ತಾಗದಂತೆ ಹಿಡಿದೆ. ತಕ್ಕಡಿ 70 ಗ್ರಾಂ ತೋರಿಸಿತು. ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ ಅದು, ಅಂದರೆ ಕಲ್ಲಿನ ಗಾತ್ರ 70 ಘನ ಸೆಂ.ಮೀ. 312ನ್ನು 70ರಿಂದ ಭಾಗಿಸಿದರೆ 4.46. ಬೆಣಚು 2.65, ಕ್ಯಾಲ್ಸೈಟ್ 2.71, ಬರೈಟ್ 4.5. ಮೂರು ಸಲ ಅಳೆದರೂ 4.4ರಿಂದ 4.5ರ ಒಳಗೇ ಬಂತು. ಬರೈಟ್.

ಈಗ ಊರು. ಬರೈಟ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಆಂಧ್ರದ ಮಂಗಂಪೇಟೆ, ಜಗತ್ತಿನ ದೊಡ್ಡ ನಿಕ್ಷೇಪಗಳಲ್ಲಿ ಒಂದು. ನಾನೂ ಅದನ್ನೇ ಬರೆಯಲು ಪೆನ್ಸಿಲ್ ಎತ್ತಿದ್ದೆ. ಆದರೆ ಕಲ್ಲಿನ ಒಂದು ಪಕ್ಕ ಲೂಪ್ ಹಿಡಿದು ನೋಡಿದರೆ, ಸೂಜಿಮೊನೆಯಷ್ಟು ಅಗಲದ ಪಚ್ಚೆ ಹಸಿರು ಪದರಗಳು ಅಂಟಿವೆ. ಉಗುರಲ್ಲಿ ಎಬ್ಬಿಸಿದರೆ ಹಾಳೆಯ ಹಾಗೆ ಏಳುತ್ತವೆ. ಫ್ಯೂಕ್ಸೈಟ್: ಕ್ರೋಮಿಯಂ ಸೇರಿ ಹಸಿರಾದ ಕಾಗೆಬಂಗಾರ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಬರೈಟ್ ಪದರಗಳು ಇರುವುದೇ ಫ್ಯೂಕ್ಸೈಟ್ ತುಂಬಿದ ಹಸಿರು ಕ್ವಾರ್ಟ್ಜೈಟ್ ಜೊತೆಗೆ. ಒಣಗಿಸಿದ ಚೀಟಿಗಳಲ್ಲಿ ಹುಳ ತಿಂದು ಬರೀ ‘ಘಟ್ಟಿ’ ಉಳಿದಿದ್ದ ಒಂದಿತ್ತು. ಚಿಕ್ಕಪ್ಪ ಅದನ್ನು ‘ಘಟ್ಟಿ ಕಲ್ಲು ಅಂತ ಬರೆದಿರ್ಬೇಕು’ ಅಂದಿದ್ದರು. ಮೊದಲ ದಿನದ ಫೋಟೋ ತೆರೆದು ನೋಡಿದೆ. ಆ ಚೀಟಿ ಬಿದ್ದಿದ್ದು ಈ ಕಲ್ಲಿನಿಂದ ನಾಲ್ಕು ಬೆರಳು ದೂರದಲ್ಲಿ.

ಹಸಿರು ಕಲ್ಲಿನ ವಿಚಾರವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮೊದಲ ದಿನ ಚಿಕ್ಕಪ್ಪ ಹಿಡಿದು ಕೂತಿದ್ದರಲ್ಲ, ಅದು. ಹಸಿರಿನೊಳಗೆ ಆರು ಮೂಲೆಯ ಕೆಂಪು ಬಿಲ್ಲೆಗಳು. ಇಂಥದ್ದನ್ನು ಮಾಲ್‌ಗಳಲ್ಲಿ ‘ರೂಬಿ ಜೋಯ್ಸೈಟ್’ ಅಂತ ಮಾರುತ್ತಾರೆ, ಜೊತೆಗೆ ಹೃದಯಕ್ಕೆ ಒಳ್ಳೆಯದು ಅಂತ ಒಂದು ಚೀಟಿ ಉಚಿತ. ರೂಬಿ ಜೋಯ್ಸೈಟ್ ಬರುವುದು ತಾಂಜಾನಿಯಾದ ಲಾಂಗಿಡೋ ಕಡೆಯಿಂದ. ಚಿಕ್ಕಪ್ಪ ಹೊಸೂರು ದಾಟಿ ಹೋಗಿದ್ದೇ ಕಡಿಮೆ, ತಾಂಜಾನಿಯಾ ಎಲ್ಲಿ ಬಂತು! ಹಿಂಬದಿಯಲ್ಲಿ ಹಸಿರು ಭಾಗವನ್ನು ಹೊಲಿಗೆ ಸೂಜಿಯಿಂದ ಮೆಲ್ಲಗೆ ಗೀಚಿದೆ, ಬೆಣ್ಣೆಯ ಹಾಗೆ ಗೀರು ಬಿತ್ತು. ಜೋಯ್ಸೈಟ್ ಗಟ್ಟಿತನ ಹತ್ತರ ಅಳತೆಯಲ್ಲಿ 6ರಿಂದ 7, ಸೂಜಿಗೆ ಸುಲಭಕ್ಕೆ ಜಗ್ಗುವುದಲ್ಲ. ಫ್ಯೂಕ್ಸೈಟ್ 2ರಿಂದ 3. ಕೆಂಪು ಬಿಲ್ಲೆಯ ಸುತ್ತ ತೆಳು ನೀಲಿ ಬಳೆ ಕಂಡಿತು, ಅದು ಕಯನೈಟ್. ಎಸ್.ಪಿ. ರಸ್ತೆಯಲ್ಲಿ ತಂದ 365 ನ್ಯಾನೋಮೀಟರ್ ಯುವಿ (ನೇರಳಾತೀತ) ಟಾರ್ಚನ್ನು ಕತ್ತಲೆ ಕೋಣೆಯಲ್ಲಿ ಹಿಡಿದರೆ ಬಿಲ್ಲೆಗಳೆಲ್ಲ ಕೆಂಡದ ಹಾಗೆ ಹೊತ್ತಿಕೊಂಡವು. ಮಾಣಿಕ್ಯದೊಳಗಿನ ಕ್ರೋಮಿಯಂ ಕೆಲಸ ಅದು. ಮಾಣಿಕ್ಯ, ನೀಲಿ ಕಯನೈಟಿನ ಬಳೆ, ಹಸಿರು ಫ್ಯೂಕ್ಸೈಟ್, ಈ ಮೂರರ ಕೂಟ ನಮ್ಮ ದಕ್ಷಿಣ ಕರ್ನಾಟಕದ ಗುರುತು. ಊರು ಮಾತ್ರ ಸಿಗಲಿಲ್ಲ. ‘ಮೈಸೂರು ಸೀಮೆ, ಅಂದಾಜು’ ಅಂತ ಬರೆದು ಬಿಟ್ಟೆ.

ಕಾರ್ಡು

ಮೊದಲು ನಾನು ಮಾಡಿದ ಕಾರ್ಡಿನಲ್ಲಿ ನಾಲ್ಕೇ ಖಾನೆ ಇತ್ತು: ನಂಬರು, ಹೆಸರು, ಊರು, ತಾರೀಕು. ಒಂದು ತಿಂಗಳಲ್ಲಿ ಅದನ್ನು ಮೂರು ಸಲ ಹರಿದು ಹೊಸದು ಮಾಡಿದೆ. ಪ್ರತಿ ಸಲವೂ ಯಾವುದೋ ಒಂದು ಕಲ್ಲು ತಕರಾರು ತೆಗೆಯುತ್ತಿತ್ತು.

ಮೊದಲ ತಕರಾರು ‘ಕ್ಲೋಸ್‌ಪೇಟೆ’ ಅಂತ ಬರೆದಿದ್ದ ಚೀಟಿಯದ್ದು. ರಾಮನಗರವೇ ಅದು, ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ರೆಸಿಡೆಂಟನ ಹೆಸರಲ್ಲಿದ್ದ ಊರು. ಸುಮಾರು 250 ಕೋಟಿ ವರ್ಷದ ಆ ಗ್ರಾನೈಟಿಗೆ ಇವತ್ತಿಗೂ ಪುಸ್ತಕಗಳಲ್ಲಿ ಕ್ಲೋಸ್‌ಪೇಟ್ ಗ್ರಾನೈಟ್ ಅಂತಲೇ ಹೆಸರು. ಊರಿನ ಹೆಸರು ಬದಲಾಯಿತು, ಸರಿ. ಜಿಲ್ಲೆ? ಚಿಕ್ಕಪ್ಪ ಕಲ್ಲು ತಂದಾಗ ಅದು ಬೆಂಗಳೂರು ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ. 2007ರಲ್ಲಿ ರಾಮನಗರ ಜಿಲ್ಲೆ. 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ. ಬಂಡೆ ಅಲ್ಲೇ ಇದೆ, ಜಿಲ್ಲೆ ಮೂರು ಸಲ ಬದಲಾಗಿದೆ. ಆದ್ದರಿಂದ ಎರಡು ಖಾನೆ: ‘ಚೀಟಿಯಲ್ಲಿ ಇದ್ದ ಹಾಗೆ’ ಅಂತ ಒಂದು, ‘ಇವತ್ತಿನ ಹೆಸರು’ ಅಂತ ಇನ್ನೊಂದು. ಮೊದಲನೆಯದರಲ್ಲಿ ಕಾಗುಣಿತ ತಪ್ಪಿದ್ದರೂ ತಿದ್ದುವಂತಿಲ್ಲ.

ಎರಡನೆಯದು ಅಂಗೈಯಗಲದ ಗುಲಾಬಿ ಫೆಲ್ಡ್‌ಸ್ಪಾರ್ ಹರಳು. ಚೀಟಿಯಲ್ಲಿ ಊರೇ ಇಲ್ಲ, ಪೆನ್ಸಿಲ್ಲಲ್ಲಿ ‘57 ಎಚ್/6’ ಅಂತ ಮಾತ್ರ. ಸರ್ವೆ ಆಫ್ ಇಂಡಿಯಾದ ಹಳೇ ಟೋಪೋಶೀಟ್, ಅಂದರೆ ನಕ್ಷೆಯ ಹಾಳೆಯ ನಂಬರು. 57 ಅಂದರೆ ಉತ್ತರ ಅಕ್ಷಾಂಶ 12ರಿಂದ 16 ಡಿಗ್ರಿ, ಪೂರ್ವ ರೇಖಾಂಶ 76ರಿಂದ 80 ಡಿಗ್ರಿ ಚೌಕ. ಅದನ್ನು ಒಂದೊಂದು ಡಿಗ್ರಿಯ ಹದಿನಾರು ತುಂಡು ಮಾಡಿ ಎ ಇಂದ ಪಿ ತನಕ ಅಕ್ಷರ ಕೊಡುತ್ತಾರೆ, ಮೇಲಿಂದ ಕೆಳಗೆ ಸಾಲು ಸಾಲಾಗಿ. ಎಚ್ ಬೀಳುವುದು 12-13, 77-78ರಲ್ಲಿ. ಅದನ್ನು ಮತ್ತೆ ಹದಿನೈದು ನಿಮಿಷದ ಹದಿನಾರು ತುಂಡು. ಆರನೆಯದು 12 ಡಿಗ್ರಿ 30 ನಿಮಿಷದಿಂದ 45, 77 ಡಿಗ್ರಿ 15 ನಿಮಿಷದಿಂದ 30. ಗ್ರಾಫ್ ಹಾಳೆಯ ಮೇಲೆ ಚೌಕ ಎಳೆದರೆ ಒಳಗೆ ರಾಮನಗರವೂ ಇದೆ, ಕನಕಪುರವೂ ಇದೆ. ಉದ್ದ ಅಗಲ ತಲಾ 27 ಕಿ.ಮೀ. ಹತ್ತಿರ.

"ಚಿಕ್ಕಪ್ಪ, ರಾಮನಗರನೋ ಕನಕಪುರನೋ?"

"ಎರಡೂ ಅಲ್ಲ ಕಣೋ. ಮಧ್ಯದಲ್ಲಿ. ರಸ್ತೆಗೆ ಬಂಡೆ ಒಡೀತಿದ್ರು, ಅಲ್ಲೊಂದು ಆಲದಮರ, ಮರದ ಕೆಳಗೆ ಮಜ್ಜಿಗೆ ಮಾರ್ತಿದ್ಳು ಒಬ್ಬಳು ಅಜ್ಜಿ."

ಮಜ್ಜಿಗೆ ಅಜ್ಜಿಗೆ ಅಕ್ಷಾಂಶ-ರೇಖಾಂಶ ಎಲ್ಲಿಂದ ತರಲಿ? ಇಲ್ಲೇ ಜನ ಎಡವುವುದು. ಗೂಗಲ್ ಮ್ಯಾಪ್‌ನಲ್ಲಿ ಎಲ್ಲೋ ಒಂದು ಕಡೆ ಬೆರಳೊತ್ತಿದರೆ ಆರು ದಶಮಾಂಶದ ಅಂಕಿ ಕೊಡುತ್ತದೆ, ನೋಡಿದವರು ಸ್ಥಳಕ್ಕೇ ಹೋಗಿ ಅಳೆದಿದ್ದಾರೆ ಅಂದುಕೊಳ್ಳುತ್ತಾರೆ. ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿ.ಮೀ.; ಎರಡನೇ ದಶಮಾಂಶ ಅಂದರೆ 1.1 ಕಿ.ಮೀ.; ನಾಲ್ಕನೆಯದು 11 ಮೀಟರ್. ಆಲದಮರದ ನೆನಪಿಗೆ 11 ಮೀಟರಿನ ಧಿಮಾಕು ಬೇಡ. ಹಾಗಾಗಿ ಮೂರನೇ ಖಾನೆ ‘ತ್ರಿಜ್ಯ’. ನಡುಬಿಂದು ಒಂದು, ಅದರ ಸುತ್ತ ಎಷ್ಟು ಕಿ.ಮೀ. ಒಳಗೆ ಇರಬಹುದು ಅನ್ನುವುದು ಒಂದು. ಈ ಫೆಲ್ಡ್‌ಸ್ಪಾರ್‌ಗೆ 8 ಕಿ.ಮೀ. ಬರೆದೆ.

ಇದೇ ಖಾನೆಯಿಂದ ‘ಕೋಲಾರ’ ಅಂತ ಬರೆದಿದ್ದ ಬೆಣಚುಕಲ್ಲೂ ಬಗೆಹರಿಯಿತು. ಕೋಲಾರ ಪಟ್ಟಣವೋ, ಸುಮಾರು 30 ಕಿ.ಮೀ. ಆಚೆಯ ಕೆಜಿಎಫೋ? ಕೆಜಿಎಫ್ ಅಂತಲೇ ಇಟ್ಟುಕೊಂಡರೂ ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿ.ಮೀ.ಗೂ ಆಳ ಇಳಿದಿತ್ತು, 2001ರಲ್ಲಿ ಮುಚ್ಚುವ ತನಕ. ನಕ್ಷೆಯ ಮೇಲೆ ಒಂದೇ ಚುಕ್ಕೆ, ಕೆಳಗೆ ಮೂರು ಕಿ.ಮೀ. ಉದ್ದದ ದಾರ. ‘ಆಳ’ ಅಂತ ಇನ್ನೊಂದು ಖಾನೆ ಸೇರಿಸಿದೆ. 112ರಲ್ಲಿ ಅದು ತುಂಬಿದ್ದು ನಾಲ್ಕೇ ಕಲ್ಲಿಗೆ, ಆದರೂ ಇರಲಿ.

ಅಜಂತಾ ಚೀಟಿ

ಹೊಟ್ಟೆ ಉರಿಸಿದ್ದು ಇದು. ಹದಿಮೂರು ಕಲ್ಲಿಗೆ ‘ಅಜಂತಾ’ ಅಂತ ಅಚ್ಚುಕಟ್ಟಾದ ಚೀಟಿ, ಒಂದೂ ಕಿತ್ತಿರಲಿಲ್ಲ. ಸಂಗ್ರಹದ ಕಣ್ಮಣಿಗಳೆಲ್ಲ ಇಲ್ಲೇ: ಗಾಜಿನ ಗೋಪುರದಂಥ ಅಪೊಫಿಲೈಟ್, ಪೀಚು ಬಣ್ಣದ ಸ್ಟಿಲ್ಬೈಟ್, ಅದರ ಹರಳು ನಡುವಿಗೆ ದಾರ ಕಟ್ಟಿದ ಹುಲ್ಲಿನ ಕಂತೆಯ ಹಾಗೆ ಎರಡೂ ತುದಿಗೆ ಬಿರಿದಿರುತ್ತದೆ. ಸೂಜಿಗಳ ಗೊಂಚಲಿನಂಥ ಸ್ಕೋಲೆಸೈಟ್.

ದಖ್ಖನ್ ಬಸಾಲ್ಟ್ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅದು ತಣಿಯುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳು ಪೊಳ್ಳುಗಳಾಗಿ ಉಳಿದವು. ಆಮೇಲೆ ಬಿಸಿನೀರು ಆ ಪೊಳ್ಳುಗಳಲ್ಲಿ ಸುಳಿದು, ಕಲ್ಲಿನಿಂದ ಕರಗಿಸಿ ತಂದದ್ದನ್ನು ಹರಳಾಗಿ ಬಿಟ್ಟುಹೋಯಿತು. ಹಾಗೆ ಬೆಳೆದ ಜಿಯೊಲೈಟುಗಳಿಗೆ ಮಹಾರಾಷ್ಟ್ರ ಜಗತ್ಪ್ರಸಿದ್ಧ. ಜಿಯೊಲೈಟ್ ಅಂದರೆ ಕುದಿಯುವ ಕಲ್ಲು. ಕಾಯಿಸಿದರೆ ಒಳಗಿನ ನೀರು ನೊರೆಯುತ್ತಾ ಹೊರಬರುವುದನ್ನು ಕಂಡು ಸ್ವೀಡನ್ನಿನ ಕ್ರೋನ್‌ಸ್ಟೆಡ್ 1756ರಲ್ಲಿ ಇಟ್ಟ ಹೆಸರು. ಅಪೊಫಿಲೈಟ್ ಜಿಯೊಲೈಟ್ ಅಲ್ಲ, ಆದರೆ ಅವುಗಳ ಬೀದಿಯಲ್ಲೇ ಮನೆ.

ಹಾಗಾದರೆ ಅಜಂತಾ ಸರಿ ಅಲ್ಲವೇ, ಗುಹೆಗಳೂ ಬಸಾಲ್ಟಿನವೇ ಅಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. ಕೇಳಿದಾಗ ಚಿಕ್ಕಪ್ಪ ನಕ್ಕರು. "ಗುಹೆ ನೋಡೋಕೆ ಹೋದಾಗ ಬಸ್ ಸ್ಟ್ಯಾಂಡ್ ಹತ್ರ ಹುಡುಗ್ರು ಬುಟ್ಟೀಲಿ ಇಟ್ಕೊಂಡು ಮಾರ್ತಿದ್ರು. ಹದಿಮೂರಕ್ಕೂ ಸೇರಿ ಚೌಕಾಸಿ ಮಾಡಿದ್ದೆ."

ಅಂದರೆ ಅದು ಅಂಗಡಿಯ ವಿಳಾಸ. ಸುತ್ತಲಿನ ಯಾವ ಕ್ವಾರಿಯಿಂದಲೋ, ಯಾವ ಬಾವಿಯಿಂದಲೋ ಬಂದ ಕಲ್ಲು ಪ್ರವಾಸಿಗಳ ಜಾಗಕ್ಕೆ ಬಂದು ‘ಅಜಂತಾ’ ಆಗುತ್ತದೆ. ವ್ಯಾಪಾರದ ಚೀಟಿಗಳಲ್ಲಿ ಜಳಗಾಂವ್, ಪೂನಾ ಅಂತ ಇರುವುದರಲ್ಲಿ ಬಹಳಷ್ಟು ಇದೇ ಕಥೆ. ದಾವಣಗೆರೆಯಲ್ಲಿ ಕೊಂಡ ಬಟ್ಟೆಯ ಹತ್ತಿ ದಾವಣಗೆರೆಯಲ್ಲೇ ಬೆಳೆದದ್ದು ಅನ್ನಲಾಗುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾದ ಖಾನೆಗಳು ಹುಟ್ಟಿದ್ದು ಇಲ್ಲಿ: ‘ಹುಟ್ಟಿದ ಜಾಗ’ ಬೇರೆ, ‘ಕೈಗೆ ಬಂದ ಜಾಗ’ ಬೇರೆ, ಮತ್ತು ‘ಹೇಳಿದ್ದು ಯಾರು’. ಹದಿಮೂರಕ್ಕೂ ಹುಟ್ಟಿದ ಜಾಗದ ಎದುರು ‘ದಖ್ಖನ್ ಬಸಾಲ್ಟ್, ಮಹಾರಾಷ್ಟ್ರ ಇರಬಹುದು’ ಅಂತ ಬರೆದೆ. ಬರೆಯುವಾಗ ಬೇಜಾರಾಯಿತು, ಸುಂದರವಾದ ಊರಿನ ಹೆಸರು ಅಳಿಸಿ ಗೊತ್ತಿಲ್ಲ ಅನ್ನುವುದು. ಆದರೆ ಇಲ್ಲದ ಊರು ಬರೆದರೆ ಅದನ್ನು ನಂಬಿ ಇನ್ನೊಬ್ಬ ನಕ್ಷೆಯ ಮೇಲೆ ಚುಕ್ಕೆ ಇಡುತ್ತಾನೆ. ಖಾಲಿ ಜಾಗ ಆ ಕಾಟ ಕೊಡುವುದಿಲ್ಲ.

ಒಂದೇ ಒಂದು ಕಲ್ಲು ಇದಕ್ಕೆ ತಿರುಗೇಟು ಕೊಟ್ಟಿತು. ಚೀಟಿ ಇಲ್ಲದ ಬಿಳಿ ಸ್ಟಿಲ್ಬೈಟಿನ ಮೇಲೆ ಕಡುನೀಲಿಯ ಪುಟ್ಟ ಗೊಂಡೆ, ಸೇವಂತಿಗೆ ಮೊಗ್ಗಿನಷ್ಟು. ಕವನ್ಸೈಟ್. ಕ್ಯಾಲ್ಸಿಯಂ, ವನೇಡಿಯಂ, ಸಿಲಿಕೇಟ್ ಮೂರರ ಮೊದಲಕ್ಷರ ಸೇರಿಸಿ ಕಟ್ಟಿದ ಹೆಸರು, ಮೊದಲು ಗುರುತಿಸಿದ್ದು ಅಮೆರಿಕದ ಆರೆಗಾನ್‌ನಲ್ಲಿ. ಆದರೆ ಕಣ್ಣು ಕುಕ್ಕುವಂಥ ಮಾದರಿಗಳು ಬಂದದ್ದು ಪುಣೆ ಪಕ್ಕದ ವಾಘೋಲಿಯ ಕ್ವಾರಿಗಳಿಂದ. ಅಂಟಿಸಿ ಮಾರುವವರೂ ಉಂಟು, ಹಾಗಾಗಿ ಮೊದಲು ಲೂಪ್, ಆಮೇಲೆ ಅದೇ ಟಾರ್ಚು. ಅಂಟು ಇದ್ದರೆ ಬುಡದಲ್ಲಿ ಸಾಮಾನ್ಯವಾಗಿ ಬಿಳಿಚಿ ಹೊಳೆಯುತ್ತದೆ. ಏನೂ ಹೊಳೆಯಲಿಲ್ಲ. ಇಲ್ಲಿ ಖನಿಜವೇ ಊರಿನ ಕಡೆ ಬೆರಳು ತೋರಿಸುತ್ತಿದೆ. ‘ವಾಘೋಲಿ; ಹೇಳಿದ್ದು ಯಾರೂ ಇಲ್ಲ, ಖನಿಜ ನೋಡಿ ಊಹೆ’ ಅಂತ ಬರೆದೆ.

ನಂಬರು, ಡಬ್ಬ, ಡ್ರಾಯರು

ಗೋಂದಿಗೆ ಮತ್ತೆ ಹೋಗಲಿಲ್ಲ. ಮ್ಯೂಸಿಯಮ್ಮುಗಳಲ್ಲಿ ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ಹರಳನ್ನು ಆನ್‌ಲೈನಿನಲ್ಲಿ ತರಿಸಿದೆ. 10 ಗ್ರಾಂ ರಾಳಕ್ಕೆ ಅಸಿಟೋನ್ ಸೇರಿಸಿ 50 ಮಿ.ಲೀ. ಮಾಡಿ ಗಾಜಿನ ಸೀಸೆಯಲ್ಲಿ ಒಂದು ರಾತ್ರಿ ಬಿಟ್ಟರೆ ಜೇನಿನ ಹಾಗೆ ಆಗುತ್ತದೆ. ಕಲ್ಲಿನ ಹಿಂಬದಿಯಲ್ಲಿ, ಹರಳಿನ ಮುಖ ಬಿಟ್ಟು, ಒಂದು ಕಡಲೆಬೇಳೆಯಷ್ಟು ಹಚ್ಚಿ, ಒಣಗಿದ ಮೇಲೆ ಬಿಳಿ ಅಕ್ರಿಲಿಕ್ ಪೇಂಟ್, ಅದರ ಮೇಲೆ ಸಣ್ಣ ಪೆನ್ನಿನಲ್ಲಿ ನಂಬರು, ಮೇಲೆ ಇನ್ನೊಂದು ತೆಳು ಪದರ. ಬೇಡವೆಂದಾಗ ಅಸಿಟೋನಿನಲ್ಲಿ ಒರೆಸಿದರೆ ಕಲ್ಲಿಗೆ ಗುರುತೇ ಉಳಿಯುವುದಿಲ್ಲ. ನಂಬರು ಈ ಸಲ 1, 2, 3ರಲ್ಲೇ. ಕನ್ನಡ ಅಂಕಿ ಬಿಟ್ಟದ್ದಕ್ಕೆ ಚಿಕ್ಕಪ್ಪ ಮುಖ ಊದಿಸಿಕೊಂಡರು. ೬-೯ರ ಕಥೆ ಹೇಳಿದೆ, "ನಿನ್ನ ಕನ್ನಡಕ ಬದಲಾಯಿಸ್ಕೋ" ಅಂದರು.

ಅದೇ ಅಸಿಟೋನ್ ಒಂದು ಆಟ ಆಡಿತು. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಗಳು, ಪಾಲಿಸ್ಟೈರೀನಿನವು, ನಲವತ್ತು ತಂದಿದ್ದೆ. ನಂಬರಿನ ಪದರ ಒಣಗುವ ಮೊದಲೇ ಅವಸರದಲ್ಲಿ ಮೂರು ಕಲ್ಲುಗಳನ್ನು ಒಳಗಿಟ್ಟು ಮುಚ್ಚಳ ಹಾಕಿದೆ. ಬೆಳಗ್ಗೆ ನೋಡಿದರೆ ಡಬ್ಬದ ಗೋಡೆ ಚಳಿಗಾಲದ ಬಸ್ ಕಿಟಕಿಯ ಹಾಗೆ ಮಂಜಾಗಿದೆ, ಒಂದು ಕಲ್ಲಂತೂ ತಳಕ್ಕೇ ಅಂಟಿ ಕೂತಿದೆ. ಅಸಿಟೋನ್ ಆವಿಗೆ ಪಾಲಿಸ್ಟೈರೀನ್ ಕರಗುತ್ತದೆ. ಈಗ ಒಂದು ಪೂರ್ತಿ ದಿನ ಬಯಲಲ್ಲಿ ಒಣಗಿಸಿದ ಮೇಲೆಯೇ ಡಬ್ಬ.

ಡಬ್ಬದೊಳಗೆ ಹತ್ತಿ ಹಾಕಬೇಡಿ. ಸ್ಕೋಲೆಸೈಟಿನ ಸೂಜಿಗೆ ಎಳೆ ಸಿಕ್ಕಿಕೊಂಡರೆ ಬಿಡಿಸುವಾಗ ಸೂಜಿಯೇ ಮುರಿಯುತ್ತದೆ. ಪಾಲಿಥೀನ್ ಫೋಮ್ ಕತ್ತರಿಸಿ ಗೂಡು ಮಾಡಿದೆ. ಡ್ರಾಯರಿಗೆ ಗುಜರಿ ಅಂಗಡಿಯಲ್ಲಿ ಯಾವುದೋ ಆಫೀಸಿನ ಹಳೇ ಸ್ಟೀಲ್ ಕ್ಯಾಬಿನೆಟ್ ಸಿಕ್ಕಿತು, ಹತ್ತು ಖಾನೆಯದ್ದು. ರಟ್ಟಿನ ತಟ್ಟೆಗಳಿಗೆ ಸುಲ್ತಾನ್‌ಪೇಟೆ. ಅದರಲ್ಲಿ ಹೇಳುವಂಥದ್ದೇನಿಲ್ಲ, ಎರಡು ಡ್ರಾಯರ್ ಇನ್ನೂ ಕಿರುಗುಟ್ಟುತ್ತವೆ.

ನಡುವೆ ಒಂದು ಬೆಳಗ್ಗೆ ಚಿಕ್ಕಪ್ಪನನ್ನು ಲಾಲ್‌ಬಾಗ್ ಬಂಡೆಗೆ ಕರೆದುಕೊಂಡು ಹೋಗಿದ್ದೆ. ಸುಮಾರು 300 ಕೋಟಿ ವರ್ಷದ ಪೆನಿನ್ಸುಲರ್ ನೈಸ್ ಅನ್ನುವ ಪಟ್ಟೆಗಲ್ಲು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸುತ್ತಿಗೆ ಮುಟ್ಟಿಸುವಂತಿಲ್ಲ. ವಾಕಿಂಗ್ ಬಂದವರು ಕೆಂಪೇಗೌಡ ಗೋಪುರದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಇವರು ಕೋಲೂರಿಕೊಂಡು ಬಂಡೆಯಲ್ಲಿ ಹಾದ ಗುಲಾಬಿ ಗೆರೆಯ ಹಿಂದೆ ಹಿಂದೆ ಹೋದರು. ನೆನಪು ಬರಲಿ ಅಂತ ಕರೆದೊಯ್ದಿದ್ದು. ಉಪಯೋಗವಾಯಿತು: ವಾಪಸ್ ಬರುವಾಗ ಆಟೋದಲ್ಲಿ ನಾಲ್ಕು ಕಲ್ಲಿನ ಊರು ಹೇಳಿದರು. ಆಟೋ ಬಿಲ್ಲಿನ ಹಿಂದೆ ಬರೆದುಕೊಂಡೆ.

ಲೆಕ್ಕ ಹೀಗೆ ನಿಂತಿದೆ. ಊರಿಲ್ಲದ 65ರಲ್ಲಿ 33ಕ್ಕೆ ಚೀಟಿ ಸಿಕ್ಕಿತು. 14 ಚಿಕ್ಕಪ್ಪನ ನೆನಪಿನಿಂದ, 7 ಕಲ್ಲು ನೋಡಿ ಊಹೆಯಿಂದ. 11 ಕಲ್ಲು ಕೊನೆಯ ಡ್ರಾಯರಿನಲ್ಲಿವೆ, ‘ಊರು ಗೊತ್ತಿಲ್ಲ’ ಅಂತ ಬರೆದು. ಕಲ್ಲಿಲ್ಲದ ಚೀಟಿ ಆರು, ಅವಕ್ಕೂ ಒಂದು ಲಕೋಟೆ.

ಹೋದ ವಾರ ರಾತ್ರಿ ಹತ್ತೂವರೆಗೆ ಫೋನು ಬಂತು. ಹಸಿರು ಕಲ್ಲಿಗೆ ಊರು ಸಿಕ್ಕಿತೇನೋ ಅಂತ ಎದ್ದು ಕೂತೆ.

"ಲೋ, 57 ಎಚ್/6 ಅಂತ ಒಂದು ಗುಲಾಬಿ ಕಲ್ಲಿತ್ತಲ್ಲ."

"ಹೌದು ಚಿಕ್ಕಪ್ಪ, ಆಲದಮರ, ಮಜ್ಜಿಗೆ ಅಜ್ಜಿ."

"ಅದು ನಾನು ಹೊಡೆದಿದ್ದಲ್ಲ ಕಣೋ. ನಮ್ಮ ರಿಗ್‌ನಲ್ಲಿ ಹೆಲ್ಪರ್ ಇದ್ನಲ್ಲ, ಅವನು ಕೊಟ್ಟಿದ್ದು. ಅಜ್ಜಿ ಹತ್ರ ಮಜ್ಜಿಗೆ ಕುಡಿದಿದ್ದು ನಿಜ, ಆದ್ರೆ ಅದು ಬೇರೆ ದಿನ."

ದೀಪ ಹಾಕಿ ಕಾರ್ಡು ತೆಗೆದೆ. ಹಳೆಯದನ್ನು ಅಳಿಸದೆ ಒಂದೇ ಗೆರೆ ಹೊಡೆದು, ಕೆಳಗೆ ಬರೆದೆ: ಕೈಗೆ ಬಂದ ಜಾಗ, ಕ್ಯಾಂಪು, ಕೊಟ್ಟವರು, ರಿಗ್ ಹೆಲ್ಪರ್, ಹೇಳಿದ್ದು, ಚಿಕ್ಕಪ್ಪ, ಫೋನಿನಲ್ಲಿ. ತ್ರಿಜ್ಯ 8 ಇದ್ದದ್ದನ್ನು 20 ಮಾಡಿದೆ.